ಅರವತ್ತರ ವೇಗದಲ್ಲಿ ನಡುಗುತ್ತಿದ್ದ ಲಾರಿ: ದಾವಣಗೆರೆಯ ಗ್ಯಾರೇಜೊಂದರ ಕೆಲಸವನ್ನು ಕುರಿತು

ದಾವಣಗೆರೆಯ ಎ.ಪಿ.ಎಂ.ಸಿ. ಅಂಗಳದಿಂದ ಮೆಕ್ಕೆಜೋಳ ತುಂಬಿಕೊಂಡು ತಮಿಳುನಾಡಿನ ನಾಮಕ್ಕಲ್ಲಿನ ಕೋಳಿ ಆಹಾರದ ಕಾರ್ಖಾನೆಗಳಿಗೆ ಹೋಗಿಬರುವ ಆರು ಚಕ್ರದ ಲಾರಿಯೇ ನಮ್ಮ ಮನೆಗೆ ಆಧಾರ. ಕಳೆದ ಸುಗ್ಗಿಯ ಹೊತ್ತಿಗೆ ಅದಕ್ಕೆ ನಡುಕ ಹಿಡಿಯಿತು. ಗಂಟೆಗೆ 50 ಕಿಲೋಮೀಟರ್ ದಾಟುವವರೆಗೆ ಏನೂ ತಿಳಿಯುತ್ತಿರಲಿಲ್ಲ. 55ರಿಂದ 65ರ ನಡುವೆ ಮಾತ್ರ ಕ್ಯಾಬಿನ್ನಿನ ನೆಲ, ಚಾಲಕನ ಸೀಟು, ಬಾಗಿಲಿನ ಕನ್ನಡಿ ಎಲ್ಲವೂ ಗುಂಯ್‌ಗುಟ್ಟುತ್ತ ಅದುರುತ್ತಿದ್ದವು. ಮಾಲು ಇಳಿಸಿ ಖಾಲಿ ಮರಳುವಾಗ ಅದು ಇನ್ನೂ ಹೆಚ್ಚಾಗುತ್ತಿತ್ತು. ಹನ್ನೆರಡು ವರ್ಷಗಳಿಂದ ನಮ್ಮ ಗಾಡಿ ಓಡಿಸುತ್ತಿರುವ ಚಾಲಕರು ರಾತ್ರಿ ಮನೆಗೆ ಹೋದ ಮೇಲೂ ಅಂಗಾಲು ಜುಮ್ಮೆನ್ನುತ್ತದೆ ಎಂದಾಗ ನನಗೆ ನಿಜಕ್ಕೂ ಭಯವಾಯಿತು.

ಮೊದಲು ತೋರಿಸಿದ್ದು ಬೇರೆ ಊರಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ. ಅಲ್ಲಿ ಯಾರೂ ಗಾಡಿಯನ್ನು ಓಡಿಸಿ ನೋಡಲಿಲ್ಲ. ನಡುಕ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಮುಂದಿನ ಎರಡು ಟೈರು ಹೊಸದಾಗಿ ಹಾಕಬೇಕೆಂದರು, ಹಾಕಿದರು. ವ್ಹೀಲ್ ಅಲೈನ್‌ಮೆಂಟ್ ಮಾಡಿದರು. ಅದಾದ ಮೇಲೂ ನಿಲ್ಲದಿದ್ದಾಗ ಮುಂದಿನ ಚಕ್ರ ಹೊರಳುವ ಕೀಲಿನ ಕಿಂಗ್‌ಪಿನ್ ಬುಷ್ ಬದಲಿಸಿದರು. ಒಟ್ಟು ಖರ್ಚು 60 ಸಾವಿರ ದಾಟಿತು. ಮರುದಿನ ಹೆದ್ದಾರಿಗೆ ಇಳಿದರೆ 55ಕ್ಕೆ ಸರಿಯಾಗಿ ಅದೇ ಗುಂಯ್‌ಕಾರ.

ಆಮೇಲೆ ಪರಿಚಿತರೊಬ್ಬರ ಮಾತಿನಂತೆ ಪಿ.ಬಿ. ರಸ್ತೆಯ ಪಕ್ಕದಲ್ಲಿರುವ, ನಾಲ್ಕೈದು ಮಂದಿಯಷ್ಟೇ ಕೆಲಸ ಮಾಡುವ ಒಂದು ಸಣ್ಣ ಗ್ಯಾರೇಜಿಗೆ ಹೋದೆವು. ಈ ಬರಹ ಆ ಗ್ಯಾರೇಜಿನ ಕುರಿತಾದದ್ದು. ತಗಡಿನ ಚಾವಣಿ, ಒಂದು ಗುಂಡಿ, ಗೋಡೆಗೆ ಸಾಲಾಗಿ ನೇತುಹಾಕಿದ ಪಾನಾಗಳು, ನೋಡಲು ಅಷ್ಟೇ. ಆದರೆ ಅಲ್ಲಿಯ ಮೇಸ್ತ್ರಿಗಳು ಸುಮಾರು ಅರ್ಧ ಗಂಟೆ ಒಂದು ಪಾನಾವನ್ನೂ ಕೈಗೆ ತೆಗೆದುಕೊಳ್ಳಲಿಲ್ಲ. ನನ್ನನ್ನು ಬದಿಗಿಟ್ಟು ಚಾಲಕರನ್ನೇ ಕೂರಿಸಿಕೊಂಡು ಪ್ರಶ್ನೆ ಕೇಳಿದರು: ಯಾವ ವೇಗದಲ್ಲಿ ಬರುತ್ತದೆ, ಸ್ಟೇರಿಂಗ್ ಕೈಯಲ್ಲಿ ಆಡುತ್ತದೆಯೋ ಅಥವಾ ಸೀಟಿನ ಕೆಳಗೆ ತಿಳಿಯುತ್ತದೆಯೋ, ಬ್ರೇಕ್ ಒತ್ತಿದಾಗ ಹೆಚ್ಚಾಗುತ್ತದೆಯೋ, ಲೋಡಿನಲ್ಲಿ ಹೆಚ್ಚೋ ಖಾಲಿಯಲ್ಲಿ ಹೆಚ್ಚೋ. ಕೊನೆಗೆ ಕೇಳಿದ ಪ್ರಶ್ನೆ ನನಗೆ ಇಂದಿಗೂ ನೆನಪಿದೆ: "ಅಣ್ಣ, ಇದು ಶುರು ಆಗೋಕೆ ಮುಂಚೆ ಗಾಡಿ ಕೆಳಗೆ ಏನಾರ ಬಿಚ್ಚಿಸಿದ್ರಾ?" ಚಾಲಕರು ಸ್ವಲ್ಪ ಯೋಚಿಸಿ, ದಾರಿಯಲ್ಲಿ ಒಂದು ಕಡೆ ಶಾಫ್ಟಿನ ಕೀಲಿನಲ್ಲಿರುವ ಕೂಡುಗುರುತಿನ ಆಕಾರದ ತುಂಡನ್ನು, ಅಂದರೆ ಜಾಯಿಂಟ್ ಕ್ರಾಸನ್ನು ಹೊಸದು ಹಾಕಿಸಿದ್ದನ್ನು ಹೇಳಿದರು. ಆ ಮಾತನ್ನು ಅದುವರೆಗೆ ನಮ್ಮನ್ನು ಯಾರೂ ಕೇಳಿಯೇ ಇರಲಿಲ್ಲ.

ನಂತರ ಮೇಸ್ತ್ರಿಗಳು ತಾವೇ ಸ್ಟೇರಿಂಗ್ ಹಿಡಿದು ಹರಿಹರದ ಕಡೆಗೆ ಗಾಡಿ ಓಡಿಸಿದರು. ನಾನೂ ಜೊತೆಯಲ್ಲಿ ಕುಳಿತೆ. 60ರ ವೇಗದಲ್ಲಿ ಮೇಲಿನ ಗೇರಿನಲ್ಲಿ ಒಮ್ಮೆ, ಅದೇ ವೇಗವನ್ನು ಕಾಯ್ದುಕೊಂಡು ಒಂದು ಗೇರ್ ಇಳಿಸಿ ಇನ್ನೊಮ್ಮೆ ಓಡಿಸಿ ತೋರಿಸಿದರು. ಎಂಜಿನ್ನಿನ ಸುತ್ತು ಏರಿದರೂ ನಡುಕ ಒಂದಿಷ್ಟೂ ಬದಲಾಗಲಿಲ್ಲ. ಎಂಜಿನ್ ಮೌಂಟಿಂಗ್ ಅಥವಾ ಕ್ಲಚ್ಚಿನ ದೋಷವಾಗಿದ್ದರೆ ನಡುಕ ಎಂಜಿನ್ನಿನ ಸುತ್ತಿನ ಜೊತೆಗೆ ಏರಿಳಿಯಬೇಕಿತ್ತು. ಬ್ರೇಕ್ ಒತ್ತಿದಾಗಲೂ ಹೆಚ್ಚಲಿಲ್ಲವಾದ್ದರಿಂದ ಬ್ರೇಕ್ ಡ್ರಮ್ ದುಂಡು ತಪ್ಪಿ ಓವಲ್ ಆಗಿರುವ ಸಂಶಯವೂ ಹೋಯಿತು. ಉಳಿದದ್ದು ಚಕ್ರ, ಇಲ್ಲವೇ ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ತಿರುಗುಬಲ ಒಯ್ಯುವ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್.

ಇವೆರಡನ್ನು ಬೇರ್ಪಡಿಸಲು ಅವರು ಹೇಳಿಕೊಟ್ಟ ಲೆಕ್ಕ ಪ್ರತಿಯೊಬ್ಬ ಲಾರಿ ಮಾಲೀಕನೂ ತಿಳಿದಿರಬೇಕಾದದ್ದು. ನಮ್ಮ ಲಾರಿಯ ಟೈರು ಒಂದು ಸುತ್ತಿಗೆ ಸುಮಾರು 3.2 ಮೀಟರ್ ಉರುಳುತ್ತದೆ. 60ರ ವೇಗದಲ್ಲಿ ಚಕ್ರ ಸೆಕೆಂಡಿಗೆ ಐದಕ್ಕಿಂತ ತುಸು ಹೆಚ್ಚು ಸುತ್ತು ತಿರುಗುತ್ತದೆ. ಟೈರಿನಲ್ಲಿ ಉಬ್ಬಿದ್ದರೆ ಅಥವಾ ರಿಮ್ಮು ಸೊಟ್ಟಗಿದ್ದರೆ ಆ ಪೆಟ್ಟು ದಬದಬ ಎಂದು ಹೆಚ್ಚುಕಡಿಮೆ ಎಣಿಸಬಹುದಾದಷ್ಟು ನಿಧಾನವಾಗಿ ಬರುತ್ತದೆ. ಹಿಂದಿನ ಚಕ್ರಗಳ ನಡುವೆ ಗೇರುಗಳಿರುವ ಹೌಸಿಂಗಿನಲ್ಲಿ ಆರಕ್ಕೆ ಒಂದರಂತೆ, ಅಂದರೆ ಶಾಫ್ಟಿನ ಆರು ಸುತ್ತಿಗೆ ಚಕ್ರದ ಒಂದು ಸುತ್ತಿನಂತೆ, ವೇಗ ಇಳಿಯುವ ಗಾಡಿಯಲ್ಲಿ ಪ್ರೊಪೆಲ್ಲರ್ ಶಾಫ್ಟು ಅದೇ ಹೊತ್ತಿಗೆ ಸೆಕೆಂಡಿಗೆ ಮೂವತ್ತಕ್ಕೂ ಹೆಚ್ಚು ಸುತ್ತು ತಿರುಗುತ್ತಿರುತ್ತದೆ. ಅದರ ದೋಷ ಎಣಿಕೆಗೆ ಸಿಕ್ಕದ ಗುಂಯ್‌ಕಾರವಾಗಿ ನೆಲದಿಂದ ಮೇಲೆ ಬರುತ್ತದೆ. ನಮ್ಮ ಗಾಡಿಯ ಕಾಯಿಲೆಯನ್ನು ಕಿವಿಯೂ ಅಂಗಾಲೂ ಮೊದಲ ದಿನದಿಂದಲೇ ಹೇಳುತ್ತಿದ್ದವು. ಕೇಳಿಸಿಕೊಳ್ಳುವ ಬಗೆ ನಮಗೆ ಗೊತ್ತಿರಲಿಲ್ಲ.

ಮರಳಿ ಬಂದು ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿದ ಮೇಲೆ ನನ್ನನ್ನೂ ಕೆಳಗಿಳಿಸಿ ತೋರಿಸಿದರು. ನಮ್ಮದು ಎರಡು ತುಂಡಿನ ಶಾಫ್ಟು, ನಡುವೆ ಅದನ್ನು ಚಾಸಿಗೆ ಹಿಡಿದಿಡುವ ಸೆಂಟರ್ ಬೇರಿಂಗ್. ಶಾಫ್ಟಿನ ಭಾಗಗಳು ಒಂದರೊಳಗೊಂದು ಜಾರುವ ಜಾಯಿಂಟಿನ ಮೇಲೆ ಗ್ರೀಸು ಮತ್ತು ದೂಳು ಬೆರೆತು ಬೆರಳು ದಪ್ಪ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದಾಗ ಎರಡೂ ಭಾಗಗಳ ಮೇಲೆ ಕೊರೆದ ಸಣ್ಣ ಬಾಣದ ಗುರುತುಗಳು ಕಾಣಿಸಿದವು. ಒಂದಕ್ಕೊಂದು ಎದುರುಬದುರಾಗಿ ಕೂಡಬೇಕಾದ ಆ ಬಾಣಗಳ ನಡುವೆ ಎರಡು ಬೆರಳಿನಷ್ಟು ಅಂತರವಿತ್ತು. ಕ್ರಾಸ್ ಬದಲಿಸಿದವರು ಶಾಫ್ಟನ್ನು ಮತ್ತೆ ಜೋಡಿಸುವಾಗ ಆ ಜಾರುವ ಭಾಗದ ಉದ್ದುದ್ದ ಹಲ್ಲುಗಳನ್ನು (ಸ್ಪ್ಲೈನ್) ತಪ್ಪಿಸಿ ಕೂರಿಸಿದ್ದರು.

ಇದೇಕೆ ಇಷ್ಟು ದೊಡ್ಡ ತಪ್ಪು ಎಂಬುದನ್ನು ಅವರು ಎರಡು ಕೈಗಳನ್ನು ಕ್ರಾಸಿನಂತೆ ಹಿಡಿದು ವಿವರಿಸಿದರು. ಓರೆಯಾಗಿ ತಿರುಗುವ ಕ್ರಾಸು ಒಂದೇ ಸಮನಾದ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೆ ಓಡಿ, ಎರಡು ಸಲ ಹಿಂದೆ ಬೀಳುತ್ತದೆ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸನ್ನು ಹಿಡಿಯುವ ಕವೆಗಳು, ಅಂದರೆ ಯೋಕುಗಳು, ಒಂದೇ ನೇರದಲ್ಲಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ತಿದ್ದುತ್ತದೆ. ನೇರ ತಪ್ಪಿದರೆ ಏರಿಳಿತ ಉಳಿದು ಗಾಡಿಯೆಲ್ಲ ಅದುರುತ್ತದೆ. ಖಾಲಿ ಗಾಡಿಯಲ್ಲಿ ಚಾಸಿ ಮೇಲೆದ್ದು ಶಾಫ್ಟಿನ ಓರೆ ಹೆಚ್ಚುವುದರಿಂದಲೇ ಮರಳುವ ದಾರಿಯಲ್ಲಿ ನಡುಕ ಜಾಸ್ತಿಯಾಗುತ್ತಿದ್ದದ್ದು. ತಿಂಗಳುಗಟ್ಟಲೆ ಅದುರಿದ ಫಲವಾಗಿ ಸೆಂಟರ್ ಬೇರಿಂಗಿನ ರಬ್ಬರು ಅರ್ಧಕ್ಕೆ ಸೀಳಿತ್ತು. ಅದು ಪೂರ್ತಿ ಹರಿದು ಶಾಫ್ಟು ಕಳಚಿ ಬಿದ್ದಿದ್ದರೆ ಆಗಬಹುದಾಗಿದ್ದ ಅನಾಹುತವನ್ನು ನೆನೆದು ನಾನು ಗುಂಡಿಯಲ್ಲೇ ಸ್ವಲ್ಪ ಹೊತ್ತು ನಿಂತುಬಿಟ್ಟೆ.

ಬಾಣಗಳನ್ನು ಕೂಡಿಸಿ ಜೋಡಿಸಿ, ಸೆಂಟರ್ ಬೇರಿಂಗ್ ಹೊಸದು ಹಾಕಿದರು. ಚಕ್ರದ ಹಬ್ಬು, ಸ್ಪ್ರಿಂಗಿನ ಪಟ್ಟಿಗಳ ಬ್ಲೇಡ್ ಸೆಟ್ಟು, ಅವನ್ನು ಬಿಗಿಯುವ ಯು ಬೋಲ್ಟುಗಳನ್ನೂ ಕೇಳದೆಯೇ ಒಮ್ಮೆ ಪರೀಕ್ಷಿಸಿದರು. ಅವು ಸರಿಯಾಗಿದ್ದವು, ಸರಿಯಾಗಿವೆ ಎಂದೇ ಹೇಳಿದರು. ಬೇರಿಂಗಿಗೆ 2,600, ಶಾಫ್ಟಿನ ತೂಕ ಸರಿದೂಗಿಸುವ ಬ್ಯಾಲೆನ್ಸಿಂಗಿಗೆ 1,200, ಕೂಲಿ 1,500, ಒಟ್ಟು 5,300 ರೂಪಾಯಿ.

ಕೊರತೆಗಳನ್ನೂ ಹೇಳಬೇಕು. ಶಾಫ್ಟ್ ಬ್ಯಾಲೆನ್ಸ್ ಮಾಡುವ ಯಂತ್ರ ಇವರಲ್ಲಿ ಇಲ್ಲ. ಬೇರೆ ಲೇತ್ ಅಂಗಡಿಗೆ ಕಳಿಸಬೇಕಾದ್ದರಿಂದ ಒಂದು ಇಡೀ ದಿನ ಗಾಡಿ ನಿಂತಿತು, ಸುಗ್ಗಿಯಲ್ಲಿ ಒಂದು ದಿನದ ಬಾಡಿಗೆ ಹೋಗುವುದು ಸಣ್ಣ ನಷ್ಟವಲ್ಲ. ಚಾಲಕರು ಕಾಯಲು ನೆರಳಿನ ಜಾಗವಿಲ್ಲ. ಬಿಲ್ಲನ್ನು ಕೇಳಿದ ಮೇಲೆ ಮಾತ್ರ ಚೀಟಿಯಲ್ಲಿ ಬರೆದುಕೊಟ್ಟರು. ಯಾವ ಭಾಗ ಹಾಕಿದೆವು, ಎಷ್ಟು ಕಿಲೋಮೀಟರಿಗೆ ಹಾಕಿದೆವು ಎಂಬುದನ್ನು ತಾವಾಗಿಯೇ ಬರೆದುಕೊಡುವ ರೂಢಿ ಮಾಡಿಕೊಂಡರೆ ಒಳ್ಳೆಯದು. ಹೊಸ ಗಾಡಿಗಳ ಸೆನ್ಸರ್, ವೈರಿಂಗ್ ಕೆಲಸಕ್ಕೆ ಇವರು ಕೈಹಾಕುವುದಿಲ್ಲ, ಅದನ್ನು ಮುಂಚೆಯೇ ಸ್ಪಷ್ಟವಾಗಿ ಹೇಳುತ್ತಾರೆ.

ಮರುದಿನ ಖಾಲಿ ಗಾಡಿಯನ್ನೇ ಚಿತ್ರದುರ್ಗದವರೆಗೆ ಓಡಿಸಿಕೊಂಡು ಹೋದೆವು. ಹೆಬ್ಬಾಳು ಟೋಲ್ ದಾಟಿ 60ಕ್ಕೆ ಏರಿಸಿದಾಗ ಚಾಲಕರು ಏನೂ ಮಾತಾಡದೆ ಬಾಗಿಲಿನ ಕನ್ನಡಿಯತ್ತ ಬೆರಳು ತೋರಿಸಿದರು. ಹಿಂದೆ ಬರುತ್ತಿದ್ದ ಬಸ್ಸಿನ ನಂಬರ್ ಪ್ಲೇಟು ಅದರಲ್ಲಿ ಓದಲು ಬರುತ್ತಿತ್ತು. ಆ ಗ್ಯಾರೇಜಿಗೆ ಗಾಡಿ ಒಯ್ಯುವವರು ಬೆಳಗ್ಗೆ ಎಂಟರೊಳಗೆ ಹೋಗಬೇಕು. ಹೋಗುವಾಗ ದಿನವೂ ಗಾಡಿ ಓಡಿಸುವ ಚಾಲಕರನ್ನು ತಪ್ಪದೆ ಜೊತೆಗೆ ಕರೆದೊಯ್ಯಬೇಕು, ಏಕೆಂದರೆ ಮೇಸ್ತ್ರಿಗಳು ಮೊದಲು ಮಾತಾಡಿಸುವುದು ಅವರನ್ನೇ.