ಜರ್ಮನ್ನೋ, ಸ್ಪ್ಯಾನಿಷ್ಷೋ? ಗುಣವಾಚಕ ನೋಡಿ ಆರಿಸಿಕೊಳ್ಳಿ

ಒಳ್ಳೆ ಹುಡುಗ, ಒಳ್ಳೆ ಹುಡುಗಿ, ಒಳ್ಳೆ ಮಕ್ಕಳು. ಕನ್ನಡದ ‘ಒಳ್ಳೆ’ ಜಪ್ಪಯ್ಯ ಅಂದರೂ ಬದಲಾಗುವುದಿಲ್ಲ. ಅದಕ್ಕೇ ಈ ಎರಡು ಭಾಷೆಗಳ ಗುಣವಾಚಕ ನಮಗೆ ಜಾಸ್ತಿ ತೊಡಕು.

ಸ್ಪ್ಯಾನಿಷ್‌ನಲ್ಲಿ ಲಿಂಗ, ವಚನ ನೋಡಿಕೊಂಡರೆ ಸಾಕು. ಬಿಳಿ ಪುಸ್ತಕ ‘ಲಿಬ್ರೊ ಬ್ಲಾಂಕೊ’, ಬಿಳಿ ಮನೆ ‘ಕಾಸಾ ಬ್ಲಾಂಕಾ’, ಮನೆಗಳಾದರೆ ‘ಕಾಸಾಸ್ ಬ್ಲಾಂಕಾಸ್’. ಗುಣವಾಚಕ ಸಾಮಾನ್ಯವಾಗಿ ನಾಮಪದದ ನಂತರ ಬರುತ್ತದೆ. ಜಾಗ ಬದಲಿಸಿದರೆ ಕೆಲವೊಮ್ಮೆ ಅರ್ಥವೇ ಬೇರೆ: ‘ಓಂಬ್ರೆ ಪೋಬ್ರೆ’ ದುಡ್ಡಿಲ್ಲದವನು, ‘ಪೋಬ್ರೆ ಓಂಬ್ರೆ’ ಅಯ್ಯೋ ಪಾಪ ಅನಿಸುವವನು. ಎಷ್ಟು ಚೆಂದ ಅಲ್ವಾ!

ಜರ್ಮನ್‌ನಲ್ಲಿ ಅದು ನಮ್ಮ ಹಾಗೆ ಮೊದಲೇ ಬರುತ್ತದೆ. ಆದರೆ 3 ಲಿಂಗ, 4 ವಿಭಕ್ತಿ, ಜೊತೆಗೆ ಅದಕ್ಕಿಂತ ಮೊದಲು ಬರುವ ಆರ್ಟಿಕಲ್ (ಇಂಗ್ಲಿಷಿನ ‘ಎ’, ‘ದಿ’ ಥರದ ಪದ) ಕೂಡ ಲೆಕ್ಕಕ್ಕೆ. ‘ಡೇರ್ ಗೂಟೆ ವೈನ್’ (ಆ ಒಳ್ಳೆ ವೈನ್), ‘ಐನ್ ಗೂಟರ್ ವೈನ್’ (ಒಂದು ಒಳ್ಳೆ ವೈನ್), ‘ಮಿಟ್ ಗೂಟೆಮ್ ವೈನ್’ (ಒಳ್ಳೆ ವೈನ್ ಜೊತೆ). ವೈನ್ ಅದೇ, ‘ಒಳ್ಳೆ’ಯ ಬಾಲ ಬೇರೆ. ಯಾಕೆ? ‘ಡೇರ್’ ಲಿಂಗವನ್ನು ತೋರಿಸಿಬಿಟ್ಟಿದೆ. ‘ಐನ್’ ತೋರಿಸುವುದಿಲ್ಲ, ಆ ಕೆಲಸ ‘ಗೂಟರ್’ ಮೇಲೆ ಬೀಳುತ್ತದೆ. ಇದು ಹೊಳೆದರೆ ಈ ಬಾಲಗಳ ಕೋಷ್ಟಕದ ಭಯ ಅರ್ಧ ಕಡಿಮೆ. ‘ಡೇರ್ ವೈನ್ ಇಸ್ಟ್ ಗೂಟ್’ (ವೈನ್ ಒಳ್ಳೆಯದು) ಅನ್ನುವಾಗ ಬಾಲವೇ ಇಲ್ಲ. ಸ್ಪ್ಯಾನಿಷ್ ಮಾತ್ರ ಇಂಥ ಕಡೆಯೂ ಬಾಲ ಬಿಡುವುದಿಲ್ಲ: ‘ಲಾ ಕಾಸಾ ಎಸ್ ಬ್ಲಾಂಕಾ’ (ಮನೆ ಬಿಳಿ).

ಬೇಗ ತಪ್ಪಿಲ್ಲದೆ ಮಾತಾಡಬೇಕೆಂದರೆ ಸ್ಪ್ಯಾನಿಷ್ ಹಿಡಿಯಿರಿ. ಓದಿಗೋ ಕೆಲಸಕ್ಕೋ ಜರ್ಮನ್ ಬೇಕೇ ಬೇಕು ಅನ್ನುವವರು ಮೊದಲ ದಿನದಿಂದಲೇ ಪ್ರತಿ ಪದವನ್ನೂ ಆರ್ಟಿಕಲ್ ಸಮೇತ ಬಾಯಿಪಾಠ ಮಾಡಿ.