ಚಿಟ್ಟೆಯ ಗುರುತು ಹಿಡಿಯಲು: ಮ್ಯಾಕ್ರೋನಾ, ಟೆಲಿ ಜೂಮಾ, ಕ್ಲೋಸ್‌ಅಪ್ ಲೆನ್ಸಾ?

ಗ್ರಾಸ್ ಯೆಲ್ಲೋ ಚಿಟ್ಟೆಗಳಲ್ಲಿ ಯಾವುದು ಯಾವುದೆಂದು ಹೇಳುವುದು ಮುಂದಿನ ರೆಕ್ಕೆಯ ಅಡಿಭಾಗ. ಅಲ್ಲಿ ಸೆಲ್ ಎನ್ನುವ, ಬುಡದ ಕಡೆ ನರಗಳು ಸುತ್ತುವರಿದ ಜಾಗದಲ್ಲಿ ಸಾಮಾನ್ಯವಾಗಿ ಕಾಮನ್ ಗ್ರಾಸ್ ಯೆಲ್ಲೋಗೆ ಎರಡು ಕಪ್ಪು ಗುರುತು, ತ್ರೀ-ಸ್ಪಾಟ್‌ಗೆ ಮೂರು. ಆದ್ದರಿಂದ ಮಡಚಿದ ರೆಕ್ಕೆಯನ್ನು ಪಕ್ಕದಿಂದ, ಅದು ಹಾರುವ ಮೊದಲು ಹಿಡಿದುಕೊಡುವ ಲೆನ್ಸೇ ಒಳ್ಳೆಯ ಲೆನ್ಸ್.

100 ಮಿ.ಮೀ. ಮ್ಯಾಕ್ರೋ (ತೀರಾ ಹತ್ತಿರದಿಂದ ತೆಗೆಯುವ ಲೆನ್ಸ್) 1:1 ವರೆಗೆ, ಅಂದರೆ ಸೆನ್ಸರಿನ ಮೇಲೆ ಚಿಟ್ಟೆಯ ನಿಜಗಾತ್ರದ ಬಿಂಬ ಬೀಳುವವರೆಗೆ ಹೋಗುತ್ತದೆ, ಆದರೆ ಆಗ ಲೆನ್ಸಿನ ಮೂತಿಗೂ ಚಿಟ್ಟೆಗೂ ನಡುವೆ ಸುಮಾರು 15 ಸೆಂ.ಮೀ. ಅಷ್ಟೆ. ನೆರಳು ಬಿದ್ದರೆ ಚಿಟ್ಟೆ ಎದ್ದಿತು. ಇನ್ನೊಂದು ತೊಡಕು ಫೋಕಸಿನ ಆಳದ್ದು, ಅಂದರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪದ್ದು: ದೊಡ್ಡ ಸೆನ್ಸರಿನ ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿದರೂ ಒಂದು ಮಿ.ಮೀ. ಚಿಲ್ಲರೆ. 15 ಮಿ.ಮೀ. ರೆಕ್ಕೆಗೆ ಕ್ಯಾಮೆರಾ ಹತ್ತು ಡಿಗ್ರಿ ಓರೆಯಾದರೆ ಒಂದು ತುದಿ ಎರಡೂವರೆ ಮಿ.ಮೀ. ಹಿಂದೆ ಸರಿದು ಮಸುಕಾಗುತ್ತದೆ. ಚಿಟ್ಟೆ ಚಳಿಗೆ ಜಡವಾಗಿ ಕೂತಿರುವ ಮುಂಜಾನೆಗೆ ಮಾತ್ರ ಮ್ಯಾಕ್ರೋಗೆ ಸಾಟಿಯಿಲ್ಲ.

100-400 ಮಿ.ಮೀ. ಟೆಲಿ ಜೂಮ್ ಸುಮಾರು ಒಂದು ಮೀಟರಿನಿಂದ ನಿಜಗಾತ್ರದ 0.3 ಪಟ್ಟು ಬಿಂಬ ಕೊಡುತ್ತದೆ. ಎಫ್/8ಕ್ಕೆ ಆರೇಳು ಮಿ.ಮೀ. ಆಳ ಸಿಗುವುದರಿಂದ ಸ್ವಲ್ಪ ಓರೆಯಾದರೂ ನಡೆಯುತ್ತದೆ. ದೊಡ್ಡ ಚಿಟ್ಟೆಗಳಿಗೆ ಇದು ಧಾರಾಳ. ಪ್ಲೇನ್ ಟೈಗರಿನ ಹಿಂದಿನ ರೆಕ್ಕೆಯ ನಡುವೆ ಕಪ್ಪು ಚುಕ್ಕೆಗಳಿರುತ್ತವೆ, ಅದರ ವೇಷ ಹಾಕುವ ಡನೈಡ್ ಎಗ್‌ಫ್ಲೈ ಹೆಣ್ಣಿಗೆ ನಡುವೆ ಇರುವುದಿಲ್ಲ. ಕಾಮನ್ ರೋಸ್‌ನ ಮೈ ಕೆಂಪು, ಅದನ್ನು ಅನುಕರಿಸುವ ಕಾಮನ್ ಮಾರ್ಮನ್ ಹೆಣ್ಣಿನದು ಕಪ್ಪು. ಮಕರಂದ ಹೀರುವಾಗಲೂ ಮಾರ್ಮನ್ ರೆಕ್ಕೆ ಬಡಿಯುತ್ತಲೇ ಇರುವುದರಿಂದ 1/1000 ಸೆಕೆಂಡಿಗಿಂತ ಕೆಳಗಿಳಿಯಬೇಡಿ.

ಜೂಮ್ ಸೋಲುವುದು ಪುಟ್ಟ ನೀಲಿ ಚಿಟ್ಟೆಗಳ ಮುಂದೆ. ಪೇಲ್ ಗ್ರಾಸ್ ಬ್ಲೂಗೆ ಮುಂದಿನ ರೆಕ್ಕೆಯ ಅಡಿಭಾಗದ ಸೆಲ್‌ನಲ್ಲಿ ಒಂದು ಚುಕ್ಕೆ ಇದೆ, ಲೆಸ್ಸರ್ ಗ್ರಾಸ್ ಬ್ಲೂಗೆ ಇಲ್ಲ. 24 ಮೆಗಾಪಿಕ್ಸೆಲ್ ಫುಲ್‌ಫ್ರೇಮಿನಲ್ಲಿ ಅರ್ಧ ಮಿ.ಮೀ. ಚುಕ್ಕೆ 0.3 ಪಟ್ಟಿಗೆ ಸುಮಾರು 25 ಪಿಕ್ಸೆಲ್. ಕೈ ಚೂರು ಅಲುಗಿದರೆ ಇದೆಯೋ ಇಲ್ಲವೋ ಎಂಬ ಅನುಮಾನವೇ ಉಳಿಯುತ್ತದೆ. ಚುಕ್ಕೆ ಇಲ್ಲ ಎಂದು ಹೇಳಬೇಕಾದರಂತೂ ಫೋಟೋ ಇನ್ನೂ ಚೊಕ್ಕವಾಗಿರಬೇಕು.

ಇಲ್ಲಿ ಎಕ್ಸ್‌ಟೆನ್ಶನ್ ಟ್ಯೂಬ್ (ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಕೊಳವೆ) ನಂಬಬೇಡಿ: 25 ಮಿ.ಮೀ. ಟ್ಯೂಬ್ 400ರಲ್ಲಿ ಹೆಚ್ಚಿಸುವುದು 0.06 ಪಟ್ಟು ಮಾತ್ರ. ನಮ್ಮ ಆಯ್ಕೆ 70-300 ಜೂಮಿನ ಮುಂದೆ ತಿರುಗಿಸಿ ಕೂರಿಸುವ +2 ಪವರಿನ ಕ್ಲೋಸ್‌ಅಪ್ ಲೆನ್ಸ್. ಜೂಮನ್ನು 300ಕ್ಕೆ, ಫೋಕಸನ್ನು ಅನಂತಕ್ಕೆ ಇಟ್ಟರೆ ಅರ್ಧ ಮೀಟರ್ ದೂರದಿಂದಲೇ 0.6 ಪಟ್ಟು. ಎರಡು ಗಾಜು ಅಂಟಿಸಿದ ಆಕ್ರೊಮ್ಯಾಟೇ ಇರಲಿ. ಒಂಟಿ ಗಾಜಿನದು ಚುಕ್ಕೆಗಳ ಅಂಚಿಗೆ ನೇರಳೆ ಬಣ್ಣ ಬಳಿಯುತ್ತದೆ. ಕೊರತೆ ಒಂದೇ: ಅರ್ಧ ಮೀಟರಿನಾಚೆ ಏನೂ ಫೋಕಸ್ ಆಗದು. ಹಾಗಾಗಿ ಮೊದಲು ಬರಿ ಜೂಮಿನಲ್ಲೇ ದೂರದಿಂದ ನಾಲ್ಕು ಫೋಟೋ ತೆಗೆದುಕೊಂಡು, ಚಿಟ್ಟೆ ಕೂತಲ್ಲೇ ಕೂತರೆ ಆಮೇಲೆ ಕ್ಲೋಸ್‌ಅಪ್ ಹಾಕಿ ಮುಂದೆ ಸರಿಯಿರಿ.