ಉಬ್ಬುತಳದ ಹಲ್, ಮೂರು ಫಿನ್ನಿನ ಥ್ರಸ್ಟರ್: ಎರಡು ಚಳಿಗಾಲಗಳ ಹೋಲಿಕೆ

ಸರ್ಫಿಂಗಿಗೆಂದು, ಅಂದರೆ ಕಡಲ ಅಲೆಯ ಮೇಲೆ ನಿಂತು ಜಾರುವ ಆಟಕ್ಕೆಂದು, ಏಳು ಅಡಿಯ ಹಲ್ ಎಂಬ ಉಬ್ಬುತಳದ ಹಲಗೆಯನ್ನು ಕೊಂಡ ಮೇಲೆ ಎರಡು ಚಳಿಗಾಲ ಕಳೆದಿವೆ, ಬಾಲದ ಕೆಳಗೆ ಮೂರು ಫಿನ್ (ಮೀನಿನ ರೆಕ್ಕೆಯಂಥ ಪಟ್ಟಿ) ಇರುವ ನನ್ನ ಥ್ರಸ್ಟರ್ ಹಲಗೆ ಹೆಚ್ಚಿನ ಕಾಲ ಗ್ಯಾರೇಜಿನ ಗೋಡೆಗೆ ಒರಗಿಯೇ ಇದೆ. ಆದ್ದರಿಂದ ಈ ಹೋಲಿಕೆ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಮುಚ್ಚಿಡುವುದಿಲ್ಲ. ಎರಡನ್ನೂ ನಾನು ಓಡಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ, ವೆಂಚುರಾದ ಸುತ್ತಮುತ್ತ, ಹೆಚ್ಚಾಗಿ ರಿಂಕನ್ ಎಂಬ ಕಡಲತೀರದಲ್ಲಿ.

ಥ್ರಸ್ಟರಿನ ತಳ ಸಪಾಟಾಗಿರುವುದರಿಂದ ಅದು ನೀರಿನ ಮೇಲ್ಮೈಯಲ್ಲಿ ಜಾರುತ್ತದೆ. ಹಲ್‌ನ ತಳ ದೋಣಿಯ ಹೊಟ್ಟೆಯಂತೆ ಉಬ್ಬಿದ್ದು, ನೀರಿನೊಳಗೆ ಕುಳಿತು ಅದನ್ನು ಇಬ್ಬದಿಗೆ ಸರಿಸುತ್ತ ಸಾಗುತ್ತದೆ. ಮಲ್ಪೆಯಲ್ಲಿ ಬೆಳೆದ ನನಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಈ ಬಗೆಯ ಹಲಗೆಗಳ ಮೂಲಕ್ಕೆ ಹೋದರೆ ಸಾಂಟಾ ಬಾರ್ಬರಾದ ಜಾರ್ಜ್ ಗ್ರೀನೊ ಸಿಗುತ್ತಾರೆ. ಮೊಣಕಾಲೂರಿ ಅಲೆಯೇರುತ್ತಿದ್ದ ಅವರು ಟ್ಯೂನಾ ಮೀನಿನ ರೆಕ್ಕೆಯನ್ನು ನೋಡಿ ಬಾಗುವ ಫಿನ್ ರೂಪಿಸಿದರು. ಅಂಥ ಫಿನ್ನಿದ್ದ ತೆಳು ಹಲಗೆಯ ಮೇಲೆಯೇ ಆಸ್ಟ್ರೇಲಿಯಾದ ನ್ಯಾಟ್ ಯಂಗ್ 1966ರಲ್ಲಿ ಸ್ಯಾನ್ ಡಿಯಾಗೊದಲ್ಲಿ ವಿಶ್ವ ಚಾಂಪಿಯನ್ ಆದರು. ಆ ದಾರಿಯಲ್ಲಿ ಹಲ್ ಕಟ್ಟತೊಡಗಿದ ಕ್ಯಾಲಿಫೋರ್ನಿಯಾದ ಗ್ರೆಗ್ ಲಿಡಲ್, ಲೋಕವೆಲ್ಲ ಬೇರೆ ಆಕಾರಗಳ ಬೆನ್ನು ಹತ್ತಿದಾಗಲೂ ಅದನ್ನು ಬಿಡಲಿಲ್ಲ. 1981ರಲ್ಲಿ ಆಸ್ಟ್ರೇಲಿಯಾದ ಸೈಮನ್ ಆಂಡರ್ಸನ್ ಮೂರು ಫಿನ್ನಿನ ಹಲಗೆಯಿಂದ ಅಲ್ಲಿನ ಬೆಲ್ಸ್ ಬೀಚ್ ಸರ್ಫಿಂಗ್ ಸ್ಪರ್ಧೆ ಗೆದ್ದ ಮೇಲೆ ಪೇಟೆಯೇ ಥ್ರಸ್ಟರಿನದಾಯಿತು.

ನನ್ನನ್ನು ನಿಜಕ್ಕೂ ಕಾಡಿದ್ದು ಕಾಲಿನ ಅಭ್ಯಾಸ. ಥ್ರಸ್ಟರಿನಲ್ಲಿ ಹಿಂಗಾಲನ್ನು ಬಾಲದ ಫಿನ್ನುಗಳ ಮೇಲಿಟ್ಟು ಒತ್ತಿದರೆ ಹಲಗೆ ತಿರುಗುತ್ತದೆ. ಹಲ್‌ನಲ್ಲಿ ಹಾಗೆ ಒತ್ತಿದಾಗಲೆಲ್ಲ ಬಾಲ ಕೆರೆಗಿಳಿದ ಎಮ್ಮೆಯಂತೆ ನೀರಿನಲ್ಲಿ ಕೂರುತ್ತಿತ್ತು, ಅಲೆ ನನ್ನನ್ನು ಬಿಟ್ಟು ಮುಂದೆ ಹೋಗುತ್ತಿತ್ತು. ನಡುಭಾಗದಲ್ಲಿ ನಿಂತು, ಮುಂಗಾಲಿಗೆ ಭಾರ ಕೊಟ್ಟು, ಇಡೀ ಹಲಗೆಯನ್ನು ಅದರ ತೆಳುವಾದ ಅಂಚಿನ ಮೇಲೆ ವಾಲಿಸಬೇಕೆಂದು ತಿಳಿಯಲು ಒಂದು ತಿಂಗಳು ಹಿಡಿಯಿತು.

ಅಷ್ಟಾದರೂ ಹಲಗೆ ಮೊಂಡಾಗಿಯೇ ಇತ್ತು, ಏಕೆಂದರೆ ಮಾರಿದವರು ಅದರ ಫಿನ್ನನ್ನು, ಅದು ಕೂರುವ ಉದ್ದ ಸೀಳಿನ ಪೆಟ್ಟಿಗೆಯ ಹಿಂತುದಿಗೆ ಸರಿಸಿ ಬಿಗಿದಿದ್ದರು. ಅದನ್ನು ಹೆಬ್ಬೆರಳಗಲ ಮುಂದಕ್ಕೆ ತರಲು ಸ್ಕ್ರೂ ಸಡಿಲಿಸಿ, ಆ ಸ್ಕ್ರೂ ಹಿಡಿಯುವ, ಉಗುರಿನಷ್ಟಿರುವ ಚೌಕ ತಗಡನ್ನು ಸೀಳಿನೊಳಗೆ ಕಡ್ಡಿಯಿಂದ ತಳ್ಳುತ್ತ, ಫಿನ್ನಿನ ತೂತಿಗೆ ಸರಿಹೊಂದಿಸಬೇಕು. ರಿಂಕನ್ನಿನ ದುಂಡುಗಲ್ಲುಗಳ ನಡುವೆ ಬಿದ್ದ ತಗಡು ಮತ್ತೆ ಸಿಗುವುದಿಲ್ಲ. ನಾನು ಮೂರು ಕಳೆದುಕೊಂಡಿದ್ದೇನೆ. ಆದರೆ ಫಿನ್ ಮುಂದೆ ಬಂದ ದಿನ, ತಿರುವಿನಲ್ಲಿ ಅದು ಬಾಗಿ ಮತ್ತೆ ನೆಟ್ಟಗಾಗುವಾಗ ಕಾಲಡಿ ಸಿಕ್ಕ ಚಿಮ್ಮು ಥ್ರಸ್ಟರಿನಲ್ಲಿ ನನಗೆ ಎಂದೂ ಸಿಕ್ಕಿರಲಿಲ್ಲ.

ಕೈಯಿಂದ ನೀರು ಬಗೆಯುತ್ತ ಹೋಗುವಾಗ ಹಲ್ ತುಸು ಹೊಯ್ದಾಡುತ್ತದೆ. ಅಲೆಗೆ ಬೆನ್ನು ಕೊಟ್ಟು ಸಾಗುವವರಿಗೆ ಥ್ರಸ್ಟರೇ ಸುಲಭ. ಮರಳು ದಂಡೆಯಲ್ಲಿ ದಡಕ್ಕನೆ ಮುಚ್ಚಿಕೊಳ್ಳುವ ಗಿಡ್ಡ ಅಲೆಗಳಿಗೂ ಅದೇ ಸರಿ.

ನನಗೆ ಸಿಗುವುದು ಶನಿವಾರದ ಬೆಳಗು ಮಾತ್ರ; ಮೊಣಕಾಲು ಹಳೆಯದು, ಗಾಳಿಗೆ ಜಿಗಿಯುವ ಆಸೆಯಿಲ್ಲ, ಚಳಿಗಾಲದ ಉದ್ದನೆಯ ಬಲದಿಕ್ಕಿನ ಅಲೆಯ ಮೇಲೆ ಒಂದೇ ಗೆರೆ ಎಳೆದಂತೆ ಸಾಗಿದರೆ ಸಾಕು. ಹೊಸ ಹಲ್ ನನ್ನ ಕೈಗೆಟುಕುತ್ತಿರಲಿಲ್ಲ, ಬಳಸಿದ್ದು ಸಿಕ್ಕಿತು. ಬೇಸಿಗೆಯಲ್ಲಿ ರಿಂಕನ್ ಮಲಗಿದಾಗ ಮಾತ್ರ ಥ್ರಸ್ಟರಿನ ಧೂಳು ಒರೆಸುತ್ತೇನೆ. ಉಳಿದ ದಿನಗಳಿಗೆ ಕಾರಿನ ಡಬ್ಬಿಯಲ್ಲಿ ನಾಲ್ಕು ತಗಡು, ಒಂದು ಕಡ್ಡಿ ಇಟ್ಟುಕೊಂಡಿದ್ದೇನೆ.